ಫಾರಂ ಎ ಬಂದ ಮೇಲೆ ಕಂಪನಿಗೇನಾಗುತ್ತದೆ, ಕೆಲಸಗಾರನಿಗೇನಾಗುತ್ತದೆ

ಪತ್ರಿಕೆಯ ಒಳಪುಟದಲ್ಲಿ, ಟೆಂಡರ್ ಪ್ರಕಟಣೆಗೂ ಕಳೆದುಹೋದ ಕ್ರಯಪತ್ರದ ಪ್ರಕಟಣೆಗೂ ನಡುವೆ, ಆಗಾಗ ಚೌಕಟ್ಟು ಹಾಕಿದ ಒಂದು ಜಾಹೀರಾತು ಬರುತ್ತದೆ. ತಲೆಯ ಮೇಲೆ ‘ಫಾರಂ ಎ – ಸಾರ್ವಜನಿಕ ಪ್ರಕಟಣೆ’ ಎಂದಿರುತ್ತದೆ. ಕೆಳಗೆ ಒಂದು ಕೋಷ್ಟಕ: ಕಂಪನಿಯ ಹೆಸರು, ನೋಂದಾಯಿತ ಕಚೇರಿಯ ವಿಳಾಸ, ಪ್ರಕ್ರಿಯೆ ಆರಂಭವಾದ ದಿನಾಂಕ, ಅದು ಮುಗಿಯಬಹುದಾದ ಅಂದಾಜು ದಿನಾಂಕ, ಯಾರೋ ಒಬ್ಬರ ಹೆಸರು ಮತ್ತು ನೋಂದಣಿ ಸಂಖ್ಯೆ, ಕ್ಲೇಮು ಸಲ್ಲಿಸಲು ಕೊನೆಯ ದಿನ. ಕನ್ನಡಕ ಹಾಕಿಕೊಂಡವರೂ ಪತ್ರಿಕೆಯನ್ನು ಮೂಗಿನ ಹತ್ತಿರ ಹಿಡಿಯಬೇಕು, ಅಕ್ಷರ ಅಷ್ಟು ಸಣ್ಣವು. ಒಂದು ಇಂಗ್ಲಿಷ್ ಪತ್ರಿಕೆಯಲ್ಲೂ ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲೂ ಇದನ್ನು ಹಾಕಲೇಬೇಕೆಂದು ನಿಯಮವಿದೆ, ಆದ್ದರಿಂದ ಕನ್ನಡದಲ್ಲೂ ಕಾಣಸಿಗುತ್ತದೆ. ನಾವು ಅದನ್ನು ದಾಟಿ ಕ್ರೀಡಾಪುಟಕ್ಕೆ ಹೋಗುತ್ತೇವೆ. ಅಲ್ಲಿರುವುದು ನಾವೇ ದಿನವೂ ಹೋಗುವ ಕಂಪನಿಯ ಹೆಸರಾದರೆ ಮಾತ್ರ ಕಣ್ಣು ಅಲ್ಲೇ ನಿಲ್ಲುತ್ತದೆ.

ವ್ಯಾಪಾರ ಮುಳುಗಿಸಿಕೊಂಡವನನ್ನು ನಮ್ಮ ಊರುಗಳಲ್ಲಿ ‘ದಿವಾಳಿ ಎದ್ದ’, ‘ಪಾಪರ್ ಆದ’ ಎನ್ನುತ್ತಾರೆ. ಎರಡು ಮಾತೂ ಕಥೆ ಮುಗಿಯಿತು ಎಂಬ ಧ್ವನಿಯವೇ. ಅದೇ ಕಿವಿಯಿಂದ ಫಾರಂ ಎ ಓದಿದವರು ಕಂಪನಿ ಸತ್ತಿತೆಂದು ತಿಳಿಯುತ್ತಾರೆ. ಕಾನೂನಿನ ಲೆಕ್ಕದಲ್ಲಿ ಅಂದು ಕಂಪನಿ ಸತ್ತಿಲ್ಲ. ಅದನ್ನು ಉಳಿಸಲು ಸಾಧ್ಯವೇ ಎಂದು ನೋಡಲು ನ್ಯಾಯಮಂಡಳಿ ಸುತ್ತ ಒಂದು ಬೇಲಿ ಹಾಕಿದೆ, ಅಷ್ಟೆ. ಬೇಲಿಯ ಒಳಗೆ ಉಳಿಯುವುದೇನು, ಯಾರಿಗಾಗಿ ಎಂಬುದು ಬೇರೆ ಪ್ರಶ್ನೆ. ಕಂಪನಿ ಉಳಿದರೆ ನೌಕರಿಯೂ ಉಳಿಯಿತೆಂದು ಅನೇಕರು ಭಾವಿಸುತ್ತಾರೆ. ಕಾನೂನು ಅಂಥ ಭರವಸೆಯನ್ನು ಎಲ್ಲಿಯೂ ಕೊಟ್ಟಿಲ್ಲ.

ಮುಂದುವರಿಯುವ ಮೊದಲು ಒಂದು ಸಣ್ಣ ತಕರಾರು ನಮ್ಮ ಭಾಷೆಯ ಮೇಲೆಯೇ. ಕನ್ನಡದಲ್ಲಿ ‘ಸಾಲಗಾರ’ ಎಂದರೆ ಸಾಲ ತೆಗೆದುಕೊಂಡವನೂ ಹೌದು, ‘ಸಾಲಗಾರರು ಮನೆ ಬಾಗಿಲಿಗೆ ಬಂದರು’ ಎನ್ನುವಾಗ ಕೊಟ್ಟವನೂ ಹೌದು. ಇಲ್ಲಿ ಗೊಂದಲವಾಗದಿರಲೆಂದು ಕೊಟ್ಟವರನ್ನು ಸಾಲದಾತರು ಎಂದೇ ಕರೆಯುತ್ತೇನೆ.

ಬೇಲಿ ಏಕೆ ಬೇಕು

ಪೀಣ್ಯದಲ್ಲಿ ಒಂದು ಗೇರ್ ಕಾರ್ಖಾನೆ ಇದೆ ಎಂದಿಟ್ಟುಕೊಳ್ಳಿ. ನನ್ನ ಕಲ್ಪನೆಯದು, ಆದರೆ ಅಂಥವನ್ನು ನೀವು ನೋಡಿರುತ್ತೀರಿ. 120 ಜನ ಕೆಲಸಗಾರರು. ಬ್ಯಾಂಕಿಗೆ 40 ಕೋಟಿ ರೂಪಾಯಿ ಸಾಲ. ಉಕ್ಕು ಪೂರೈಸುವವರು, ಹೀಟ್ ಟ್ರೀಟ್‌ಮೆಂಟ್ ಮಾಡಿಕೊಡುವವರು, ಲಾರಿಯವರು ಎಲ್ಲ ಸೇರಿ 6 ಕೋಟಿ ಬಾಕಿ. ಎಂಟು ತಿಂಗಳಿಂದ ಸಂಬಳ ಸರಿಯಾಗಿ ಆಗಿಲ್ಲ. ಆದರೆ ಆರ್ಡರ್ ಇದೆ, ಯಂತ್ರಗಳು ಓಡುತ್ತಿವೆ, ಕೈ ಪಳಗಿದ ಜನರಿದ್ದಾರೆ.

ಬ್ಯಾಂಕು ತನ್ನ ಅಡಮಾನದ ಯಂತ್ರಗಳಿಗೆ ಬೀಗ ಹಾಕಲು ಬರುತ್ತದೆ. ಉಕ್ಕಿನ ವ್ಯಾಪಾರಿ ದಾವೆ ಹೂಡಿ ಗೋದಾಮಿನಲ್ಲಿರುವ ಸರಕಿಗೆ ಜಪ್ತಿ ತರುತ್ತಾನೆ. ಕಟ್ಟಡದ ಮಾಲೀಕ ಜಾಗ ಖಾಲಿ ಮಾಡಿಸಲು ನೋಟಿಸ್ ಕೊಡುತ್ತಾನೆ. ವಿದ್ಯುತ್ ಬಿಲ್ ಕಟ್ಟದೆ ಫ್ಯೂಸ್ ಕಿತ್ತುಹೋಗುತ್ತದೆ. ಒಬ್ಬೊಬ್ಬರೂ ತಮ್ಮ ಹಕ್ಕಿನಲ್ಲಿಯೇ ಇದ್ದಾರೆ. ಎಲ್ಲರೂ ಸೇರಿದಾಗ ಆಗುವುದು ಹಾಲು ಕೊಡುವ ಹಸುವನ್ನು ಕಾಲಿಗೊಬ್ಬರಂತೆ ಹಂಚಿಕೊಂಡಂತೆ. ನಡೆಯುತ್ತಿರುವ ಕಾರ್ಖಾನೆಗೆ ಯಾರಾದರೂ 30 ಕೋಟಿ ಕೊಡಬಹುದಿತ್ತು. ಬಿಡಿಬಿಡಿಯಾಗಿ ಗುಜರಿಗೆ ಹಾಕಿದರೆ 12 ಕೋಟಿ ಹುಟ್ಟಿದರೆ ಹೆಚ್ಚು. ನಡುವಿನ 18 ಕೋಟಿ ಯಾರ ಜೇಬಿಗೂ ಹೋಗುವುದಿಲ್ಲ, ಆವಿಯಾಗುತ್ತದೆ.

ಆ 18 ಕೋಟಿಯನ್ನು ಹಿಡಿದಿಡುವುದಕ್ಕೇ ಬೇಲಿ. ಕೆಲವು ತಿಂಗಳು ಯಾರೂ ಏನನ್ನೂ ಕಿತ್ತುಕೊಳ್ಳಬೇಡಿ, ಅಷ್ಟರಲ್ಲಿ ಒಟ್ಟಾಗಿ ಕೊಳ್ಳುವವರು ಸಿಗುತ್ತಾರೋ ನೋಡೋಣ ಎಂಬುದೇ ಜಗತ್ತಿನ ಇಂಥ ಎಲ್ಲ ಕಾನೂನುಗಳ ತಿರುಳು.

ನಮ್ಮಲ್ಲಿ ಹಿಂದೆಯೂ ಬೇಲಿ ಇತ್ತು, ಆದರೆ ಅದಕ್ಕೆ ಗಡುವಿರಲಿಲ್ಲ. 1985ರ ರೋಗಗ್ರಸ್ತ ಕೈಗಾರಿಕೆಗಳ ಕಾಯ್ದೆಯಡಿ ಬಿಐಎಫ್‌ಆರ್ ಎಂಬ ಮಂಡಳಿ ಹುಟ್ಟಿತು. ಕಂಪನಿಯ ಸ್ವಂತ ಬಂಡವಾಳವೆಲ್ಲ ಕರಗಿದ ಮೇಲೆ ಅದು ಮಂಡಳಿಯ ಮುಂದೆ ಹೋಗಬೇಕು. ಹೋದ ತಕ್ಷಣ ವಸೂಲಿಗೆ ತಡೆ. ಮಾಲೀಕರು ತಮ್ಮ ಕುರ್ಚಿಯಲ್ಲಿಯೇ. ವಿಚಾರಣೆ ವರ್ಷಗಟ್ಟಲೆ. ಕೈಕೊಟ್ಟವರಿಗೆ ಇದಕ್ಕಿಂತ ತಂಪಾದ ನೆರಳು ಬೇರೆಲ್ಲಿ? ಬೆಂಗಳೂರಿನ ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಕೂಡ ಈ ಮಂಡಳಿಯ ಮುಂದೆ ಹೋಗಿ, ಕೊನೆಗೆ ಮುಚ್ಚುವ ಶಿಫಾರಸು ಪಡೆದು ಹೈಕೋರ್ಟಿಗೆ ಬಂದ ಕಂಪನಿಯೇ.

ಕಾಲ ಮೌಲ್ಯವನ್ನು ಹೇಗೆ ತಿನ್ನುತ್ತದೆ ಎಂಬುದಕ್ಕೆ ಕಿಂಗ್‌ಫಿಷರ್ ಏರ್‌ಲೈನ್ಸ್‌ಗಿಂತ ಬೇರೆ ಉದಾಹರಣೆ ಬೇಡ. 2012ರ ಅಕ್ಟೋಬರ್‌ನಲ್ಲಿ ವಿಮಾನಗಳು ನಿಂತವು. ತಿಂಗಳುಗಟ್ಟಲೆ ಸಂಬಳ ಕಾಣದ ನೌಕರರು ಅಷ್ಟರಲ್ಲಿ ಬೀದಿಗೆ ಬಂದಿದ್ದರು. ಕಂಪನಿಯನ್ನು ಮುಚ್ಚುವಂತೆ ಕರ್ನಾಟಕ ಹೈಕೋರ್ಟ್ ಆದೇಶ ಹೊರಬಿದ್ದದ್ದು 2016ರ ನವೆಂಬರ್‌ನಲ್ಲಿ. ಮುಂಬೈಯ ಕಿಂಗ್‌ಫಿಷರ್ ಹೌಸ್ ಕಟ್ಟಡವನ್ನು ಬ್ಯಾಂಕುಗಳು 2016ರಲ್ಲಿ ಮೊದಲು ಹರಾಜಿಗಿಟ್ಟಾಗ ಕೇಳಿದ ಕನಿಷ್ಠ ಬೆಲೆ 150 ಕೋಟಿ. ಕೊಳ್ಳುವವರಿಲ್ಲದೆ ಹರಾಜು ಮತ್ತೆ ಮತ್ತೆ ಬಿದ್ದುಹೋಯಿತು. 2021ರಲ್ಲಿ ಅದು ಮಾರಾಟವಾದದ್ದು ಸುಮಾರು 52 ಕೋಟಿಗೆ. ಕಲ್ಲು ಗಾರೆಯ ಕಟ್ಟಡದ ಗತಿಯೇ ಹೀಗಾದರೆ ಟಿಕೆಟ್ ಕೌಂಟರ್‌ನ ಹುಡುಗಿಯ ಅನುಭವಕ್ಕೆ, ಎಂಜಿನಿಯರನ ಲೈಸೆನ್ಸಿಗೆ ಆ ನಾಲ್ಕು ವರ್ಷ ಏನು ಮಾಡಿರಬಹುದು.

ಹೊಸ ಬೇಲಿಯ ನಕ್ಷೆ

2016ರ ಮೇ ತಿಂಗಳಲ್ಲಿ ಸಂಸತ್ತು ದಿವಾಳಿ ಸಂಹಿತೆಯನ್ನು ಅಂಗೀಕರಿಸಿತು. ಇಂಗ್ಲಿಷಿನ ಮೊದಲಕ್ಷರಗಳಲ್ಲಿ ಐಬಿಸಿ. ಕಂಪನಿಗಳಿಗೆ ಸಂಬಂಧಿಸಿದ ಭಾಗ ಅದೇ ವರ್ಷದ ಡಿಸೆಂಬರ್ 1ರಿಂದ ಜಾರಿಗೆ ಬಂತು. ಅದೇ ದಿನ ಬಿಐಎಫ್‌ಆರ್ ಬಾಗಿಲು ಮುಚ್ಚಿತು. ಪ್ರಕರಣ ಹೋಗುವುದು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ, ಎಲ್ಲರ ಬಾಯಲ್ಲಿರುವಂತೆ ಎನ್‌ಸಿಎಲ್‌ಟಿಗೆ. ಕರ್ನಾಟಕದ ಕಂಪನಿಗಳಿಗೆ ಬೆಂಗಳೂರಿನಲ್ಲಿಯೇ ಪೀಠವಿದೆ. ಅಲ್ಲಿ ಸೋತವರು ಮೇಲ್ಮನವಿಗೆ ಚೆನ್ನೈ ರೈಲು ಹತ್ತಬೇಕು, ಅಲ್ಲಿಂದ ಮುಂದೆ ಸುಪ್ರೀಂ ಕೋರ್ಟ್.

ಒಳಗೆ ಬರಲು ಮೂರು ಬಾಗಿಲು. ಬ್ಯಾಂಕಿನಂಥ ಹಣಕಾಸು ಸಾಲದಾತರದ್ದು ಒಂದು. ಸರಕು ಕೊಟ್ಟವರು, ಸೇವೆ ಕೊಟ್ಟವರು, ಸಂಬಳ ಬಾಕಿ ಇರುವವರದ್ದು ಇನ್ನೊಂದು. ಕಂಪನಿಯೇ ‘ನನ್ನಿಂದಾಗದು’ ಎಂದು ಬರುವುದು ಮೂರನೆಯದು. ಕಾರ್ಮಿಕ ಸಂಘವೂ ಎರಡನೇ ಬಾಗಿಲಿನಿಂದ ಬರಬಹುದೆಂದು ಕಾನ್ಪುರದ ಜೆ.ಕೆ. ಸೆಣಬಿನ ಗಿರಣಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿತು. ಅದು ದೊಡ್ಡ ತೀರ್ಪು. ಆದರೆ ಮರುವರ್ಷವೇ ಬಾಗಿಲ ಹೊಸ್ತಿಲು ಎತ್ತರವಾಯಿತು: ಒಂದು ಲಕ್ಷ ರೂಪಾಯಿ ಬಾಕಿಯಿದ್ದರೆ ಅರ್ಜಿ ಹಾಕಬಹುದಿದ್ದುದು 2020ರ ಮಾರ್ಚ್ 24ರಿಂದ ಒಂದು ಕೋಟಿಗೆ ಏರಿತು. ಕೋವಿಡ್ ಕಾಲದಲ್ಲಿ ಸಣ್ಣ ಉದ್ಯಮಗಳನ್ನು ಕಾಪಾಡಲೆಂದು ಮಾಡಿದ್ದು. ನಮ್ಮ ಗೇರ್ ಕಾರ್ಖಾನೆಗೆ ಎಂಟು ಲಕ್ಷದ ಕಟಿಂಗ್ ಟೂಲ್ ಕೊಟ್ಟು ಕಾಯುತ್ತಿರುವವನಿಗೆ ಈ ಬಾಗಿಲು ಅಂದಿನಿಂದ ಮುಚ್ಚಿದೆ.

ಅರ್ಜಿ ದಾಖಲಾಗಿ ಅಂಗೀಕಾರವಾದ ದಿನ ಎರಡು ಸಂಗತಿ ಒಟ್ಟಿಗೆ ನಡೆಯುತ್ತವೆ. ಒಂದು, ಮೊರಟೋರಿಯಂ: ಕಂಪನಿಯ ಮೇಲೆ ಹೊಸ ದಾವೆ ಇಲ್ಲ, ಹಳೆಯ ದಾವೆ ಮುಂದುವರಿಯುವಂತಿಲ್ಲ, ಡಿಕ್ರಿ ಜಾರಿ ಮಾಡುವಂತಿಲ್ಲ, ಅಡಮಾನ ಮುಟ್ಟುವಂತಿಲ್ಲ, ಬಾಡಿಗೆಗೆ ಕೊಟ್ಟ ಜಾಗವನ್ನೂ ಬಿಡಿಸಿಕೊಳ್ಳುವಂತಿಲ್ಲ. ಹಳೆಯ ಬಾಕಿಗಾಗಿ ವಿದ್ಯುತ್ತು, ನೀರು ಕಡಿಯುವಂತಿಲ್ಲ. ಎರಡು, ನಿರ್ದೇಶಕರ ಮಂಡಳಿಯ ಅಧಿಕಾರ ಅಮಾನತಾಗುತ್ತದೆ. ಫಾರಂ ಎಯಲ್ಲಿ ನೋಂದಣಿ ಸಂಖ್ಯೆಯೊಂದಿಗೆ ಹೆಸರು ಬಂದಿತ್ತಲ್ಲ, ಆ ವ್ಯಕ್ತಿ ಕಂಪನಿಯ ಚೆಕ್‌ಬುಕ್ ಹಿಡಿಯುತ್ತಾರೆ. ರೆಸಲ್ಯೂಷನ್ ಪ್ರೊಫೆಷನಲ್ ಎಂಬುದು ಉದ್ದವಾಯಿತೆಂದು ಎಲ್ಲರೂ ಆರ್‌ಪಿ ಎನ್ನುತ್ತಾರೆ. ಇವರು ಹೆಚ್ಚಾಗಿ ಚಾರ್ಟರ್ಡ್ ಅಕೌಂಟೆಂಟ್‌, ಕಂಪನಿ ಸೆಕ್ರೆಟರಿ ಅಥವಾ ವಕೀಲರು. ಲೆಕ್ಕ ಬಲ್ಲವರು. ಗೇರ್ ಕತ್ತರಿಸುವುದು ಹೇಗೆಂದು ಬಲ್ಲವರಲ್ಲ. ಮೊದಲ ವಾರದಲ್ಲಿ ಅವರು ನಿಜವಾಗಿ ನೆಚ್ಚಿಕೊಳ್ಳುವುದು ಶಾಪ್ ಫ್ಲೋರಿನ ಹಳೆಯ ಫೋರ್‌ಮನ್‌ನನ್ನು.

ಮೊರಟೋರಿಯಂನ ಬಗ್ಗೆ ಸಾಮಾನ್ಯವಾಗಿ ಯಾರೂ ಒತ್ತಿ ಹೇಳದ ಮಾತೊಂದಿದೆ. ಬೇಲಿ ಬ್ಯಾಂಕನ್ನು ತಡೆದಂತೆ ಕೆಲಸಗಾರನನ್ನೂ ತಡೆಯುತ್ತದೆ. ಕಾರ್ಮಿಕ ನ್ಯಾಯಾಲಯದಲ್ಲಿ ಗೆದ್ದು ಹಿಂಬಾಕಿ ವಸೂಲಿಗೆ ನಿಂತವನೂ ‘ಡಿಕ್ರಿ ಜಾರಿ ಇಲ್ಲ’ ಎಂಬ ಸಾಲಿನೊಳಗೆ ಬರುತ್ತಾನೆ. ಅವನೂ ಫಾರಂ ತುಂಬಿ ಸಾಲಿನಲ್ಲಿ ನಿಲ್ಲಬೇಕು.

ಆರ್‌ಪಿ ಸಾಲದಾತರ ಸಮಿತಿಯನ್ನು ಕಟ್ಟುತ್ತಾರೆ. ಮತ ಇರುವುದು ಹಣಕಾಸು ಸಾಲದಾತರಿಗೆ ಮಾತ್ರ, ಸಾಲದ ಪ್ರಮಾಣಕ್ಕೆ ತಕ್ಕಂತೆ. 2018ರಿಂದ ಅಪಾರ್ಟ್‌ಮೆಂಟಿಗೆ ಮುಂಗಡ ಕೊಟ್ಟವರೂ ಈ ಗುಂಪಿಗೆ ಸೇರಿದ್ದಾರೆ. ಸರಕು ಕೊಟ್ಟವರಿಗೆ, ಕೆಲಸಗಾರರಿಗೆ ಮತವಿಲ್ಲ. ಅವರ ಬಾಕಿ ಒಟ್ಟು ಸಾಲದ ಶೇ 10ರಷ್ಟಾದರೆ ಪ್ರತಿನಿಧಿಯೊಬ್ಬ ಸಭೆಯಲ್ಲಿ ಕುಳಿತು ಕೇಳಬಹುದು. ಕೊಳ್ಳಲು ಮುಂದೆ ಬಂದವರ ಯೋಜನೆಗಳಲ್ಲಿ ಒಂದಕ್ಕೆ ಶೇ 66ರಷ್ಟು ಮತ ಬಿದ್ದು, ನ್ಯಾಯಮಂಡಳಿ ಒಪ್ಪಿದರೆ ಕಂಪನಿ ಹೊಸ ಕೈಗೆ ಹೋಗುತ್ತದೆ. ಯಾರೂ ಬರದಿದ್ದರೆ, ಅಥವಾ ಬಂದ ಯಾವ ಯೋಜನೆಯೂ ಸಮಿತಿಗೆ ಒಪ್ಪಿಗೆಯಾಗದಿದ್ದರೆ, ಲಿಕ್ವಿಡೇಷನ್. ಬಾಗಿಲು ಹಾಕಿ, ಇದ್ದದ್ದನ್ನು ಮಾರಿ, ಬಂದದ್ದನ್ನು ಹಂಚುವುದು. ಗಡುವು 180 ದಿನ, ಬೇಕಾದರೆ ಇನ್ನೂ 90. ವ್ಯಾಜ್ಯದ ಕಾಲವೂ ಸೇರಿ 330 ದಿನ ಎಂದು 2019ರಲ್ಲಿ ತಿದ್ದುಪಡಿಯಾಯಿತು. ಆ ವರ್ಷವೇ ಎಸ್ಸಾರ್ ಸ್ಟೀಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಗಡುವಿನ ಬಿಗಿಯನ್ನು ಸಡಿಲಿಸಿತು. ಯೋಜನೆ ಒಪ್ಪಿಗೆಯಾದ ಪ್ರಕರಣಗಳಿಗೆ ಹಿಡಿದ ಕಾಲ ಸರಾಸರಿ ಒಂದೂವರೆ ವರ್ಷ ದಾಟಿದೆ.

ಒಮ್ಮೆ ಒಳಗೆ ಬಂದರೆ ಹಿಂದಕ್ಕೆ ಹೋಗುವುದು ಸುಲಭವಲ್ಲ ಎಂಬುದಕ್ಕೆ ನಮ್ಮ ಬೆಂಗಳೂರಿನ ಬೈಜೂಸ್ ಸಾಕ್ಷಿ. ಕ್ರಿಕೆಟ್ ತಂಡದ ಜೆರ್ಸಿಯ ಪ್ರಾಯೋಜಕತ್ವದ 158.9 ಕೋಟಿ ಬಾಕಿಗಾಗಿ ಬಿಸಿಸಿಐ ಹಾಕಿದ ಅರ್ಜಿಯನ್ನು ಬೆಂಗಳೂರು ಪೀಠ 2024ರ ಜುಲೈ 16ರಂದು ಅಂಗೀಕರಿಸಿತು. ಸಂಸ್ಥಾಪಕರ ಕಡೆಯಿಂದ ಹಣ ಬಂದು ರಾಜಿಯಾಯಿತು. ಚೆನ್ನೈಯ ಮೇಲ್ಮನವಿ ಮಂಡಳಿ ಆಗಸ್ಟ್ 2ರಂದು ಪ್ರಕ್ರಿಯೆಯನ್ನೇ ರದ್ದುಮಾಡಿತು. ಅಮೆರಿಕದ ಸಾಲದಾತರು ಸುಪ್ರೀಂ ಕೋರ್ಟಿಗೆ ಹೋದರು. ಅಕ್ಟೋಬರ್ 23ರಂದು ಸುಪ್ರೀಂ ಕೋರ್ಟ್ ಆ ರದ್ದತಿಯನ್ನೇ ತಳ್ಳಿಹಾಕಿತು. ಅಂಗೀಕಾರವಾಗುವವರೆಗೆ ಅದು ಇಬ್ಬರ ಜಗಳ. ಆದ ಮೇಲೆ ಎಲ್ಲ ಸಾಲದಾತರ ವಿಷಯ. ಇಬ್ಬರು ಕೈಕುಲುಕಿದ ಮಾತ್ರಕ್ಕೆ ಅದು ಮುಗಿಯುವುದಿಲ್ಲ, ಹಿಂತೆಗೆತಕ್ಕೆ ಕಾನೂನು ಹೇಳಿದ ದಾರಿಯಲ್ಲೇ ಬರಬೇಕು.

ಕುರ್ಚಿ ಬಿಡಿಸುವ ವಿಷಯದಲ್ಲಿ ನಮ್ಮ ಕಾನೂನು ಜಗತ್ತಿನ ಬಿಗಿ ಕಾನೂನುಗಳಲ್ಲಿ ಒಂದು. ಅಮೆರಿಕದ ದಿವಾಳಿ ಕಾನೂನಿನ ಚಾಪ್ಟರ್ 11ರಲ್ಲಿ ಆಡಳಿತ ಸಾಮಾನ್ಯವಾಗಿ ಹಳೆಯವರ ಕೈಯಲ್ಲಿಯೇ ಉಳಿಯುತ್ತದೆ. ಐರ್ಲೆಂಡಿನ ಕಥೆ ಇನ್ನೂ ಸ್ವಾರಸ್ಯದ್ದು. 1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತಿನ ಮೇಲೆ ದಂಡೆತ್ತಿ ಹೋಯಿತು. ಪೆಟ್ಟು ಬಿದ್ದದ್ದು ಐರ್ಲೆಂಡಿನ ದನದ ಮಾಂಸದ ಉದ್ಯಮಕ್ಕೆ. ಇರಾಕಿನಿಂದ ಭಾರಿ ಮೊತ್ತ ಬರಬೇಕಿದ್ದ ಗುಡ್‌ಮನ್ ಸಮೂಹ ಕುಸಿಯುವ ಅಂಚಿಗೆ ಬಂತು. ಅದು ಬಿದ್ದರೆ ದನ ಮಾರುವ ರೈತರೂ ಬೀಳುತ್ತಾರೆಂದು ಬೇಸಿಗೆ ರಜೆಯಲ್ಲಿದ್ದ ಸಂಸತ್ತನ್ನು ಕರೆದು, ತರಾತುರಿಯಲ್ಲಿ ‘ಎಕ್ಸಾಮಿನರ್‌ಶಿಪ್’ ಎಂಬ ಕೋರ್ಟ್ ರಕ್ಷಣೆಯ ಕಾನೂನು ಮಾಡಿದರು. ಅಲ್ಲಿ ಕೋರ್ಟ್ ನೇಮಿಸಿದ ಪರೀಕ್ಷಕರು ಪಾರಾಗುವ ಯೋಜನೆ ಬರೆಯುತ್ತಾರೆ, ನಿರ್ದೇಶಕರು ಸಾಮಾನ್ಯವಾಗಿ ಕುರ್ಚಿಯಲ್ಲಿಯೇ ಇರುತ್ತಾರೆ, ಆದರೆ ಕಂಪನಿ ಬದುಕುವ ತಕ್ಕಷ್ಟು ಸಾಧ್ಯತೆ ಇದೆಯೆಂದು ಬಾಗಿಲಲ್ಲೇ ತೋರಿಸಬೇಕು. ನಮ್ಮಲ್ಲಿ ಅಂಥ ಪರೀಕ್ಷೆ ಇಲ್ಲ. ಬಾಕಿ ಇದೆಯೇ, ಕೈಕೊಟ್ಟಿದ್ದಾರೆಯೇ ಎಂಬುದೇ ಮುಖ್ಯ. 2017ರ ನವೆಂಬರ್‌ನಿಂದ 29ಎ ಎಂಬ ಕಲಂ ಬಂದು, ಸಾಲ ಕೆಡಿಸಿದ ಪ್ರವರ್ತಕರು ತಮ್ಮದೇ ಕಂಪನಿಯನ್ನು ಅಗ್ಗಕ್ಕೆ ಮರಳಿ ಕೊಳ್ಳುವುದಕ್ಕೂ ತಡೆಯಾಯಿತು. ಬಿಐಎಫ್‌ಆರ್ ದಿನಗಳ ಕಹಿ ಉಂಡವರಿಗೆ ಈ ಬಿಗಿ ಅರ್ಥವಾಗುತ್ತದೆ. ಸಾಲ ಕಟ್ಟದವರ ಸ್ವರ್ಗ ಇನ್ನಿಲ್ಲ ಎಂಬ ಅರ್ಥದ ಮಾತನ್ನು 2019ರ ಸ್ವಿಸ್ ರಿಬ್ಬನ್ಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಬರೆದದ್ದೂ ಅದೇ ಗುಂಗಿನಲ್ಲಿ. ಆದರೆ ಬಿಗಿಗೆ ಒಂದು ಬೆಲೆಯಿದೆ: ಕುರ್ಚಿ ಹೋಗುತ್ತದೆಂದು ಗೊತ್ತಿರುವ ಮಾಲೀಕ ಬೇಗ ಬಂದು ಸಹಾಯ ಕೇಳುವುದಿಲ್ಲ. ಯಂತ್ರ ನಿಂತ ಮೇಲೆ, ಜನ ಚದುರಿದ ಮೇಲೆ, ಬೇರೆಯವರು ಎಳೆದುಕೊಂಡು ಬರುವ ತನಕ ಕಾಯುತ್ತಾನೆ.

ಸಂಬಳದ ಲೆಕ್ಕ

ದಿವಾಳಿ ಸಂಹಿತೆಯ ಪೀಠಿಕೆಯನ್ನು ಓದಿ ನೋಡಿ. ಆಸ್ತಿಯ ಮೌಲ್ಯ ಗರಿಷ್ಠವಾಗಬೇಕು, ಉದ್ಯಮಶೀಲತೆ ಬೆಳೆಯಬೇಕು, ಸಾಲ ಸುಲಭವಾಗಿ ಸಿಗಬೇಕು, ಎಲ್ಲ ಹಿತಾಸಕ್ತರ ನಡುವೆ ಸಮತೋಲ ಇರಬೇಕು ಎಂದಿದೆ. ಉದ್ಯೋಗ ಎಂಬ ಮಾತು ಅದರಲ್ಲಿ ಇಲ್ಲ. ‘ಎಲ್ಲ ಹಿತಾಸಕ್ತರು’ ಎಂಬ ಬುಟ್ಟಿಯೊಳಗೆ ಕೆಲಸಗಾರನೂ ಇದ್ದಾನೆಂದು ನಾವು ತಿಳಿದುಕೊಳ್ಳಬೇಕು. ಕಾನೂನು ಕಾಪಾಡಲು ಹೊರಟಿರುವುದು ನಡೆಯುವ ಕಾರ್ಖಾನೆಗೂ ಗುಜರಿಗೂ ನಡುವಿನ ಆ 18 ಕೋಟಿಯನ್ನು. ನೌಕರಿ ಉಳಿದರೆ ಅದರ ಬಾಲ ಹಿಡಿದು ಉಳಿಯುತ್ತದೆ. ಹೊಸ ಮಾಲೀಕನಿಗೆ 80 ಜನ ಸಾಕೆನಿಸಿದರೆ, ಉಳಿದ 40 ಜನರನ್ನು ಇಟ್ಟುಕೊಳ್ಳಲೇಬೇಕೆಂದು ಸಂಹಿತೆ ಹೇಳುವುದಿಲ್ಲ.

ಹಣದ ವಿಷಯದಲ್ಲಿ ಮಾತ್ರ ಕೆಲಸಗಾರನಿಗೆ ಸಾಕಷ್ಟು ಮೇಲಿನ ಸ್ಥಾನವಿದೆ. ಗೇರ್ ಕಾರ್ಖಾನೆಗೆ ಮರಳೋಣ. ಕೊಳ್ಳುವವರು ಬರಲಿಲ್ಲ, ಲಿಕ್ವಿಡೇಷನ್‌ನಲ್ಲಿ 12 ಕೋಟಿ ಹುಟ್ಟಿತು. ಮೊದಲು ಪ್ರಕ್ರಿಯೆಯ ಖರ್ಚು: ಆರ್‌ಪಿಯ ಶುಲ್ಕ, ಕಾವಲುಗಾರರ ಸಂಬಳ, ಈ ಅವಧಿಯ ವಿದ್ಯುತ್ತು ಇತ್ಯಾದಿ. ಅದಕ್ಕೆ ಒಂದು ಕೋಟಿ ಹೋಯಿತೆನ್ನಿ. ಉಳಿದ 11 ಕೋಟಿಯ ಮುಂದೆ ಇಬ್ಬರು ಸಮಸಮವಾಗಿ ನಿಲ್ಲುತ್ತಾರೆ: ಅಡಮಾನವನ್ನು ಒಟ್ಟು ಗಂಟಿಗೆ ಬಿಟ್ಟುಕೊಟ್ಟ ಬ್ಯಾಂಕು ಮತ್ತು ಕಾರ್ಮಿಕರು. ಕಾರ್ಮಿಕರದ್ದು ಹಿಂದಿನ 24 ತಿಂಗಳ ಬಾಕಿ ಮಾತ್ರ. 120 ಜನರಿಗೆ ತಲಾ 25,000 ರೂಪಾಯಿಯಂತೆ ಎಂಟು ತಿಂಗಳ ಸಂಬಳವೆಂದರೆ 2.4 ಕೋಟಿ. ಬ್ಯಾಂಕಿನ 40 ಕೋಟಿ ಸೇರಿ 42.4 ಕೋಟಿಗೆ 11 ಕೋಟಿ ಹಂಚಬೇಕು. ರೂಪಾಯಿಗೆ ಸುಮಾರು 26 ಪೈಸೆ. ಎರಡು ಲಕ್ಷ ಬರಬೇಕಿದ್ದವನ ಕೈಗೆ ಸುಮಾರು 52,000. ಉಕ್ಕಿನವನು, ಲಾರಿಯವನು, ಕಟಿಂಗ್ ಟೂಲಿನವನು ಕೆಳಗಿನ ಮೆಟ್ಟಿಲಲ್ಲಿ ಇದ್ದಾರೆ. ಅಲ್ಲಿಗೆ ಹನಿಯೂ ಇಳಿಯುವುದಿಲ್ಲ.

ಈ ಲೆಕ್ಕದಲ್ಲಿ ‘ಕಾರ್ಮಿಕ’ ಎಂಬ ಪದಕ್ಕೆ ತೂಕವಿದೆ. ಲೇತ್ ಮುಂದೆ ನಿಂತವನು ಕಾರ್ಮಿಕ. ಆಡಳಿತ ವಿಭಾಗದಲ್ಲಿ ಮ್ಯಾನೇಜರ್ ಎಂದು ಹೆಸರಿಟ್ಟುಕೊಂಡವನು ಬರಿಯ ನೌಕರ. ಅವನಿಗೆ 12 ತಿಂಗಳ ಬಾಕಿ ಮಾತ್ರ, ಅದೂ ಒಂದು ಮೆಟ್ಟಿಲು ಕೆಳಗೆ, ಬ್ಯಾಂಕಿನ ಪಾಲು ಮುಗಿದ ಮೇಲೆ. ಬ್ಯಾಂಕಿಗೇ ರೂಪಾಯಿಗೆ 26 ಪೈಸೆ ಸಿಕ್ಕ ಕಡೆ ಅವನಿಗೆ ಸಿಗುವುದೇನೆಂದು ಊಹಿಸಬಹುದು. ಭಡ್ತಿ ಸಿಕ್ಕಾಗ ಹಂಚಿದ ಪೇಡಾ ಇಂಥ ದಿನ ನೆನಪಾಗಿ ಕಹಿಯೆನಿಸುತ್ತದೆ. 24 ತಿಂಗಳ ಮಿತಿಯೇ ಅನ್ಯಾಯ, ಹಳೆಯ ಕಂಪನಿ ಕಾನೂನಿನಲ್ಲಿ ಇಂಥ ಕಡಿತವಿರಲಿಲ್ಲ ಎಂದು ಮೋಸರ್ ಬೇರ್ ಕಂಪನಿಯ ಕಾರ್ಮಿಕರು ಸುಪ್ರೀಂ ಕೋರ್ಟಿನವರೆಗೆ ಹೋದರು. 2023ರ ಮೇ ತಿಂಗಳಲ್ಲಿ ಕೋರ್ಟ್ ಅವರ ವಾದವನ್ನು ಒಪ್ಪಲಿಲ್ಲ.

ಭವಿಷ್ಯ ನಿಧಿಯ ಕಥೆ ಬೇರೆ. ಪಿಎಫ್, ಪಿಂಚಣಿ ನಿಧಿ, ಗ್ರಾಚ್ಯುಟಿ ನಿಧಿಯ ಹಣ ಹಂಚುವ ಗಂಟಿಗೇ ಸೇರುವುದಿಲ್ಲ. ಅದು ಕಂಪನಿಯ ಆಸ್ತಿಯಲ್ಲ, ಕೆಲಸಗಾರನದು. ಬ್ಯಾಂಕು ಅದರ ಹತ್ತಿರ ಸುಳಿಯುವಂತಿಲ್ಲ.

ಇನ್ನು ಬೇಲಿ ಹಾಕಿದ ಮೇಲಿನ ತಿಂಗಳುಗಳ ಸಂಬಳ. ಅದು ಪ್ರಕ್ರಿಯೆಯ ಖರ್ಚಿನೊಳಗೆ ಬಂದರೆ ಎಲ್ಲರಿಗಿಂತ ಮೊದಲು, ಪೂರ್ತಿ ಸಿಗುತ್ತದೆ. ಆದರೆ ಬರುತ್ತದೆಯೇ? ಗುಜರಾತಿನ ಎಬಿಜಿ ಶಿಪ್‌ಯಾರ್ಡ್‌ನ ಕೆಲಸಗಾರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರಲ್ಲಿ ಷರತ್ತು ಹಾಕಿತು: ಆರ್‌ಪಿ ಕಂಪನಿಯನ್ನು ನಿಜವಾಗಿ ನಡೆಸಿರಬೇಕು, ಆ ಕೆಲಸಗಾರರು ನಿಜವಾಗಿ ಕೆಲಸ ಮಾಡಿರಬೇಕು. ಹೆಸರು ಮಸ್ಟರ್ ರೋಲಿನಲ್ಲಿದ್ದು ಗೇಟಿನ ಹೊರಗೆ ಕಾದು ನಿಂತಿದ್ದರೆ ಆ ತಿಂಗಳುಗಳೂ 24 ತಿಂಗಳ ಹಳೆಯ ಬಾಕಿಯ ಸಾಲಿಗೇ. ಗೇಟು ಮುಚ್ಚಿದ್ದು ಕೆಲಸಗಾರನ ನಿರ್ಧಾರವಲ್ಲ. ಆದರೂ ಪೆಟ್ಟು ಅವನಿಗೇ. ಈ ತೀರ್ಪನ್ನು ಕಾನೂನಿನ ತರ್ಕದಲ್ಲಿ ಒಪ್ಪಬಹುದು, ಮನಸ್ಸು ಮಾತ್ರ ಸುಲಭಕ್ಕೆ ಒಪ್ಪುವುದಿಲ್ಲ.

ಉಕ್ಕು ಉಳಿಯಿತು, ವಿಮಾನ ಉಳಿಯಲಿಲ್ಲ

2017ರಲ್ಲಿ ರಿಸರ್ವ್ ಬ್ಯಾಂಕ್ ಹನ್ನೆರಡು ದೊಡ್ಡ ಸಾಲಗಾರ ಕಂಪನಿಗಳನ್ನು ಗುರುತಿಸಿ ನ್ಯಾಯಮಂಡಳಿಗೆ ಒಯ್ಯಿರೆಂದು ಬ್ಯಾಂಕುಗಳಿಗೆ ಹೇಳಿತು. ಅವುಗಳಲ್ಲಿ ಉಕ್ಕಿನ ಕಂಪನಿಗಳು ಚೆನ್ನಾಗಿ ಪಾರಾದವು. ಭೂಷಣ್ ಸ್ಟೀಲ್ ಅನ್ನು ಟಾಟಾ ಸ್ಟೀಲ್ ಸುಮಾರು 35,200 ಕೋಟಿಗೆ 2018ರಲ್ಲಿ ಕೊಂಡಿತು. ಎಸ್ಸಾರ್ ಸ್ಟೀಲ್ ಸುಮಾರು 42,000 ಕೋಟಿಗೆ ಆರ್ಸೆಲರ್ ಮಿತ್ತಲ್ ಮತ್ತು ನಿಪ್ಪಾನ್ ಸ್ಟೀಲ್ ಕೈಸೇರಿತು. ಊದುಕುಲುಮೆಯನ್ನು ಇವತ್ತು ಆರಿಸಿ ನಾಳೆ ಹಚ್ಚಲು ಆಗುವುದಿಲ್ಲ. ನಿಂತರೆ ನಷ್ಟ ಯಾರಿಗೆಂದು ಬ್ಯಾಂಕುಗಳಿಗೆ ಚೆನ್ನಾಗಿ ಗೊತ್ತಿತ್ತು, ಆದ್ದರಿಂದ ಬೇಲಿಯೊಳಗೂ ಕುಲುಮೆ ಉರಿಯಿತು. ಕುಲುಮೆ ಉರಿದಲ್ಲಿ ಪಾಳಿ ನಡೆಯಿತು, ಪಾಳಿ ನಡೆದಲ್ಲಿ ಸಂಬಳವಾಯಿತು.

ಅಷ್ಟಾದರೂ ನೆಮ್ಮದಿ ಖಾತ್ರಿಯಿಲ್ಲ. ಭೂಷಣ್ ಪವರ್ ಆ್ಯಂಡ್ ಸ್ಟೀಲ್ ಅನ್ನು ಜೆಎಸ್‌ಡಬ್ಲ್ಯು, ನಮ್ಮ ತೋರಣಗಲ್ಲಿನ ಜೆಎಸ್‌ಡಬ್ಲ್ಯುವೇ, 2021ರಲ್ಲಿ ವಹಿಸಿಕೊಂಡು ನಡೆಸುತ್ತಿತ್ತು. 2025ರ ಮೇ 2ರಂದು ಸುಪ್ರೀಂ ಕೋರ್ಟ್ ಆ ಯೋಜನೆಯೇ ಕಾನೂನುಬಾಹಿರ ಎಂದು ಹೇಳಿ ಕಂಪನಿಯನ್ನು ಲಿಕ್ವಿಡೇಷನ್‌ಗೆ ಕಳುಹಿಸಿತು. ನಾಲ್ಕು ವರ್ಷ ಓಡಿದ ಕಾರ್ಖಾನೆಗೆ! ಜುಲೈ ಕೊನೆಗೆ ಆ ತೀರ್ಪನ್ನು ಹಿಂಪಡೆದು ಮತ್ತೆ ವಿಚಾರಣೆ ನಡೆಸಿ, ಸೆಪ್ಟೆಂಬರ್ 26ರಂದು ಯೋಜನೆಯನ್ನು ಎತ್ತಿಹಿಡಿಯಿತು. ಆ ಐದು ತಿಂಗಳು ಅಲ್ಲಿನ ಕಾರ್ಮಿಕರ ಮನೆಗಳಲ್ಲಿ ಮಗಳ ಮದುವೆಗೆ ಛತ್ರ ಗೊತ್ತುಮಾಡುವ ಧೈರ್ಯ ಯಾರಿಗಿತ್ತೋ ತಿಳಿಯದು.

ಜೆಟ್ ಏರ್‌ವೇಸ್‌ನ ಕಥೆ ಇದಕ್ಕೆ ಪೂರ್ತಿ ವಿರುದ್ಧ. 2019ರ ಏಪ್ರಿಲ್ 17ರಂದು ಅದರ ಹಾರಾಟ ನಿಂತಿತು. ಮುಂಬೈ ನ್ಯಾಯಮಂಡಳಿ ಪ್ರಕರಣವನ್ನು ಅಂಗೀಕರಿಸಿದ್ದು ಜೂನ್ 20ರಂದು. ನಡುವಿನ ಆ ಎರಡು ತಿಂಗಳೇ ನನ್ನ ಪ್ರಕಾರ ತೀರ್ಪು ಬರೆದದ್ದು. ವಿಮಾನಯಾನ ಕಂಪನಿಗೆ ನೆಲಕ್ಕೆ ಬೋಲ್ಟ್ ಹಾಕಿದ ಆಸ್ತಿ ಇರುವುದಿಲ್ಲ. ವಿಮಾನಗಳು ಹೆಚ್ಚಾಗಿ ಬಾಡಿಗೆಯವು, ಮಾಲೀಕರು ಒಯ್ಯುತ್ತಾರೆ. ನಿಲ್ದಾಣದಲ್ಲಿ ಇಳಿಯುವ, ಹಾರುವ ಹೊತ್ತಿನ ಸ್ಲಾಟುಗಳು ಬೇರೆ ಕಂಪನಿಗಳಿಗೆ ಹೋಗುತ್ತವೆ. ಪೈಲಟ್‌ಗಳು ಬೇರೆ ಸಮವಸ್ತ್ರ ತೊಡುತ್ತಾರೆ. ಬೇಲಿ ಹಾಕುವ ಹೊತ್ತಿಗೆ ಒಳಗೆ ಹೆಚ್ಚೇನೂ ಉಳಿದಿರಲಿಲ್ಲ. 2021ರ ಜೂನ್‌ನಲ್ಲಿ ಜಲಾನ್–ಕಾಲ್‌ರಾಕ್ ಕೂಟದ ಯೋಜನೆ ಒಪ್ಪಿಗೆಯಾಯಿತು, ಆದರೆ ಒಂದು ವಿಮಾನವೂ ಮತ್ತೆ ಪ್ರಯಾಣಿಕರನ್ನು ಹತ್ತಿಸಿಕೊಳ್ಳಲಿಲ್ಲ. ನೌಕರರ ಪಿಎಫ್, ಗ್ರಾಚ್ಯುಟಿ ಬಾಕಿ ಕೊಡಲೇಬೇಕೆಂಬ ಮೇಲ್ಮನವಿ ಮಂಡಳಿಯ ಆದೇಶವನ್ನು ಕೂಟ ಪ್ರಶ್ನಿಸಿತು, 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತಿತು. ಹಣ ಹಾಕುವ ವಿಷಯದಲ್ಲಿ ಬ್ಯಾಂಕುಗಳಿಗೂ ಕೂಟಕ್ಕೂ ಜಗಳ ಬೆಳೆಯುತ್ತಲೇ ಹೋಯಿತು. 2024ರ ನವೆಂಬರ್ 7ರಂದು ಲಿಕ್ವಿಡೇಷನ್‌ಗೆ ಆದೇಶ. ಗೋ ಫಸ್ಟ್ ಎಂಬ ಇನ್ನೊಂದು ವಿಮಾನಯಾನ ಕಂಪನಿ 2023ರ ಮೇ ತಿಂಗಳಲ್ಲಿ ತಾನಾಗಿಯೇ ನ್ಯಾಯಮಂಡಳಿಗೆ ಬಂದರೂ ಉಳಿಯಲಿಲ್ಲ. ಆ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ವಿಮಾನಗಳನ್ನು ಮೊರಟೋರಿಯಂನಿಂದ ಹೊರಗಿಟ್ಟಿತು, 2025ರ ಜನವರಿಯಲ್ಲಿ ಅದೂ ಲಿಕ್ವಿಡೇಷನ್‌ಗೆ ಹೋಯಿತು.

ಇನ್ನೊಂದು ಬಗೆಯ ಕಂಪನಿಯೂ ಉಳಿಯುವುದಿಲ್ಲ, ನಮ್ಮ ಊರಿನವರಿಗೆ ಅದು ಚೆನ್ನಾಗಿ ಗೊತ್ತಿರಬೇಕು. ಕಾರ್ಖಾನೆ ನಷ್ಟದಲ್ಲಿದ್ದು, ಅದು ನಿಂತಿರುವ ನಾಲ್ಕು ಎಕರೆಗೆ ಮೆಟ್ರೊ ಹತ್ತಿರ ಬಂದಿದ್ದರೆ ಗೇರಿಗೆ ಬೆಲೆ ಕಟ್ಟುವವರಾರು? ಕೊಳ್ಳಲು ಬಂದವರು ಮೊದಲು ಸರ್ವೆ ನಂಬರ್ ಕೇಳುತ್ತಾರೆ. ಅಲ್ಲಿ ಗುಜರಿ ಬೆಲೆಗಿಂತ ಮಣ್ಣಿನ ಬೆಲೆ ಮುಖ್ಯ. ಬ್ಯಾಂಕಿಗೆ ಪೂರ್ತಿ ಹಣ ಬಂದು, ಕಾಗದದ ಮೇಲೆ ಎಲ್ಲರೂ ಗೆದ್ದು, ಕೆಲಸ ಮಾತ್ರ ಒಬ್ಬರಿಗೂ ಉಳಿಯದಿರಬಹುದು.

ಒಟ್ಟಾರೆ ಫಲಿತಾಂಶ? 2025ರ ಮಾರ್ಚ್‌ವರೆಗೆ ಸುಮಾರು 1,190 ಕಂಪನಿಗಳು ಯೋಜನೆಯ ಮೂಲಕ ಪಾರಾಗಿದ್ದವು, ಅದರ ಎರಡು ಪಟ್ಟಿಗಿಂತ ಹೆಚ್ಚು ಲಿಕ್ವಿಡೇಷನ್‌ಗೆ ಹೋಗಿದ್ದವು. ಪಾರಾದ ಕಡೆ ಸಾಲದಾತರಿಗೆ ಒಪ್ಪಿತ ಬಾಕಿಯ ಮೂರನೇ ಒಂದರಷ್ಟು ಮರಳಿದೆ. ಬಿಟ್ಟುಕೊಡುವ ಪಾಲನ್ನು ಬ್ಯಾಂಕಿನವರು ‘ಹೇರ್‌ಕಟ್’ ಎನ್ನುತ್ತಾರೆ. ಕನ್ನಡದಲ್ಲಿ ತಲೆ ಬೋಳಿಸುವುದೆಂದರೆ ಏನೆಂದು ಅವರಿಗೆ ಗೊತ್ತಿಲ್ಲದಿರಬಹುದು. ವಿಡಿಯೊಕಾನ್ ಪ್ರಕರಣದಲ್ಲಿ 71,000 ಕೋಟಿಗೂ ಮೀರಿದ ಕ್ಲೇಮಿಗೆ ಬಂದ ಯೋಜನೆ 2,962 ಕೋಟಿಯದು. ಕೊಳ್ಳುವವರು ಹೆಚ್ಚುಕಡಿಮೆ ಏನೂ ಕೊಡುತ್ತಿಲ್ಲವೆಂದು ನ್ಯಾಯಮಂಡಳಿಯೇ ಬರೆಯಿತು. ಆ ಒಪ್ಪಿಗೆಯನ್ನು ಮೇಲ್ಮನವಿ ಮಂಡಳಿ 2022ರ ಜನವರಿಯಲ್ಲಿ ರದ್ದುಮಾಡಿತು. ಆದರೆ ಮೂರನೇ ಒಂದು ಎಂಬ ಅಂಕಿಯನ್ನು ಹಿಡಿದು ಕಾನೂನನ್ನೇ ಬೈಯುವವರು ಇನ್ನೊಂದನ್ನೂ ನೋಡಬೇಕು: ಅದೇ ಕಂಪನಿಗಳನ್ನು ಗುಜರಿಗೆ ಹಾಕಿದ್ದರೆ ಸಿಗುತ್ತಿದ್ದುದಕ್ಕಿಂತ ಇದು ಒಂದೂವರೆ ಪಟ್ಟಿಗೂ ಹೆಚ್ಚು.

ನಿಮ್ಮ ಕಂಪನಿಯ ಹೆಸರು ಬಂದರೆ

ಕೆಲಸಗಾರರು ತುಂಬಬೇಕಾದದ್ದು ಫಾರಂ ಡಿ. ಬಿ ಸರಕು ಕೊಟ್ಟವರದ್ದು, ಸಿ ಬ್ಯಾಂಕುಗಳದ್ದು. ಖುದ್ದಾಗಿ, ಅಂಚೆಯಲ್ಲಿ ಅಥವಾ ಇ-ಮೇಲಿನಲ್ಲಿ ಕಳುಹಿಸಬಹುದು. ಬಾಕಿ ಇರುವವರು ಬಹಳ ಜನರಿದ್ದರೆ ಎಲ್ಲರ ಪರವಾಗಿ ಒಬ್ಬ ಪ್ರತಿನಿಧಿ ಒಂದೇ ಕ್ಲೇಮು ಹಾಕಲೂ ಬಹುದು, ಅದಕ್ಕೆ ಫಾರಂ ಇ. ನೇಮಕಾತಿ ಪತ್ರ, ಸಂಬಳದ ಚೀಟಿಗಳು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಸಂಬಳ ಬಂದ ಕೊನೆಯ ಪುಟ, ಪಿಎಫ್ ಪಾಸ್‌ಬುಕ್ ಇಷ್ಟನ್ನು ಜೆರಾಕ್ಸ್ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಸಂಬಳದ ಚೀಟಿ ಕಂಪನಿಯ ಪೋರ್ಟಲ್ಲಿನಲ್ಲಿ ಮಾತ್ರ ಇದ್ದರೆ ಸರ್ವರ್ ನಡೆಯುತ್ತಿರುವಾಗಲೇ ಇಳಿಸಿಕೊಳ್ಳಬೇಕು. ಆ ಸರ್ವರಿನ ಬಾಡಿಗೆಯೂ ಬಾಕಿ ಇರುತ್ತದೆ.

ಕ್ಲೇಮು ಹಾಕದಿದ್ದರೆ ಏನು? ಯೋಜನೆ ಒಪ್ಪಿಗೆಯಾದ ಮೇಲೆ ಅದರಲ್ಲಿಲ್ಲದ ಹಳೆಯ ಬಾಕಿಗಳೆಲ್ಲ ಅಳಿದುಹೋಗುತ್ತವೆ, ಹೊಸ ಮಾಲೀಕನಿಗೆ ಹಲಗೆ ಒರೆಸಿ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಖಚಿತವಾಗಿ ಹೇಳಿದೆ. ‘ಕಂಪನಿಯ ಲೆಡ್ಜರಿನಲ್ಲಿ ನನ್ನ ಹೆಸರು ಇದ್ದೇ ಇದೆಯಲ್ಲ’ ಎಂದು ಮನೆಯಲ್ಲಿ ಕುಳಿತವನ ಬಾಕಿ ಹಾಗೆಯೇ ಒರೆಸಿಹೋಗಬಹುದು.

ಫಾರಂ ಎಯಲ್ಲಿ ಮುಖ್ಯವಾಗಿ ನೋಡಬೇಕಾದ ದಿನಾಂಕಗಳು ಎರಡು. ಪ್ರಕ್ರಿಯೆ ಮುಗಿಯುವ ಅಂದಾಜು ದಿನಾಂಕ ಆರಂಭದಿಂದ 180ನೆಯ ದಿನ. ಅದು ಮುಂದೆ ಹೋಗುತ್ತದೆ, ಮತ್ತೆ ಮುಂದೆ ಹೋಗುತ್ತದೆ. ಕೋಷ್ಟಕದ ಕೆಳಭಾಗದಲ್ಲಿ, ಅಷ್ಟೇ ಸಣ್ಣ ಅಕ್ಷರದಲ್ಲಿ, ಕ್ಲೇಮಿನ ಕೊನೆಯ ದಿನ ಇರುತ್ತದೆ: ಆರ್‌ಪಿ ನೇಮಕವಾದ ದಿನದಿಂದ 14 ದಿನ. ಜಾಹೀರಾತು ಬರುವ ಹೊತ್ತಿಗೇ ಅದರಲ್ಲಿ ಎರಡು ಮೂರು ದಿನ ಕಳೆದಿರುತ್ತವೆ.